ಬಿಸಿಲಿಲ್ಲದ ಮನೆಗೆ ಎಂಥ ದೀಪ?

(ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿ)

ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಬೆಳಕು ಎಂಬುದು ಕೊಂಡು ತರುವ ಪದಾರ್ಥವಲ್ಲ. ಅಂಗಳದಲ್ಲಿ ತುಳಸಿ, ಹಿತ್ತಲಿನಲ್ಲಿ ಕರಿಬೇವು, ಬಚ್ಚಲ ನೀರು ಹರಿಯುವಲ್ಲಿ ದೊಡ್ಡಪತ್ರೆ, ಬಾವಿಕಟ್ಟೆಯ ತೇವದಲ್ಲಿ ಒಂದೆಲಗ—ಇವು ತಮ್ಮ ಪಾಡಿಗೆ ತಾವು ಬೆಳೆಯುತ್ತವೆ. ಮಗುವಿಗೆ ಕೆಮ್ಮು ಬಂದರೆ ತಾಯಿ ಹಿತ್ತಲಿಗೆ ಹೋಗಿ ನಾಲ್ಕು ಎಲೆ ಕಿತ್ತು ತರುತ್ತಾಳೆ. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಕರಿಬೇವು ಕೈಗೆಟಕುತ್ತದೆ. ಆ ಎಲೆಗಳಿಗೆ ಬೆಲೆಯಿದೆಯೆಂಬುದೇ ಅಲ್ಲಿ ಯಾರಿಗೂ ತೋರದು. ಪಟ್ಟಣಕ್ಕೆ ಬಂದ ಮೇಲೆ ಮೊದಲು ಕಳೆದುಕೊಳ್ಳುವ ವಸ್ತುಗಳಲ್ಲಿ ಈ ಹಿತ್ತಲು ಒಂದು. ಹಿತ್ತಲಿನೊಡನೆ ಬಿಸಿಲೂ ಹೋಗುತ್ತದೆ.

ನಮ್ಮ ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವ ಭಾಗವನ್ನೂ ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. 1809ರಲ್ಲಿ ಇಂಗ್ಲಿಷರ ಸೈನ್ಯ ಇಲ್ಲಿ ನೆಲೆಯೂರುವುದಕ್ಕೆ ಬಹು ಮುಂಚೆಯೇ ಹಲಸೂರು ಕೆರೆ, ದೇವಾಲಯಗಳುಳ್ಳ ಊರಾಗಿತ್ತು. ದಂಡು ಬಂದ ಮೇಲೆ ಸಾಹೇಬರ ಬಂಗಲೆಗಳಿಗೆ ವಿಶಾಲವಾದ ತೋಟಗಳೂ, ದುಡಿಯುವ ಜನರ ಪೇಟೆಗಳಿಗೆ ಇಕ್ಕಟ್ಟಾದ ಓಣಿಗಳೂ ಪಾಲಿಗೆ ಬಂದವು. ಹಿಂದೆ ಬ್ಲ್ಯಾಕ್‌ಪಲ್ಲಿ ಎನಿಸಿದ್ದ ಶಿವಾಜಿನಗರದ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡೇ ಮನೆಗಳಿವೆ. ಇಂದಿರಾನಗರದಲ್ಲಿ ಒಂಟಿ ಮನೆಗಳಿದ್ದ ನಿವೇಶನಗಳಲ್ಲಿ ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದಿವೆ. ಕೆ.ಆರ್. ಪುರದ ಕಡೆಗೆ ಹೋದರೆ ಅಪಾರ್ಟ್‌ಮೆಂಟುಗಳ ನೆರಳು ಮತ್ತೊಂದು ಅಪಾರ್ಟ್‌ಮೆಂಟಿನ ಮೇಲೆ ಬೀಳುತ್ತದೆ. ಹೀಗಿರುವಲ್ಲಿ ಕೆಳ ಅಂತಸ್ತಿನ ಬಾಡಿಗೆ ಮನೆಯವರು ಒಂದು ಕುಂಡದಲ್ಲಿ ನಾಲ್ಕು ಎಲೆ ಬೆಳೆಯಬೇಕೆಂದರೆ ಮಣ್ಣು, ಗೊಬ್ಬರ, ನೀರು ಎಲ್ಲವನ್ನೂ ಹೊಂದಿಸಿಕೊಳ್ಳಬಹುದು; ಬೆಳಕನ್ನು ಎಲ್ಲಿಂದ ತರುವುದು?

ಗಿಡ ಬೆಳೆಸುವ ದೀಪಗಳು ಈಗ ಅಂಗಡಿಗಳಲ್ಲಿ ಬಗೆಬಗೆಯಾಗಿ ದೊರೆಯುತ್ತವೆ. ಬೆಲೆಯೂ ಬಗೆಬಗೆ, ವರ್ಣನೆಯೂ ಬಗೆಬಗೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸುವ ಮುನ್ನ ಏನನ್ನು ಲೆಕ್ಕ ಹಾಕಬೇಕು, ಯಾವ ಗಿಡಕ್ಕೆ ದೀಪದ ಖರ್ಚು ತಕ್ಕದ್ದು, ಯಾವುದಕ್ಕೆ ತಕ್ಕದ್ದಲ್ಲ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಸೂರ್ಯನ ಓಟವನ್ನು ಭೂಗೋಳವೂ, ದುಡ್ಡಿನ ಓಟವನ್ನು ಅರ್ಥಶಾಸ್ತ್ರವೂ ನಮಗೆ ಕಲಿಸಿವೆ. ದೀಪವನ್ನು ಆರಿಸುವುದಕ್ಕೆ ಬೇಕಾದವು ಮುಖ್ಯವಾಗಿ ಇವೆರಡೇ.

ಮೊದಲು ಗಿಡಕ್ಕೆ ಬೆಳಕು ಏಕೆ ಬೇಕೆಂಬುದನ್ನು ನೋಡೋಣ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬಾತನು ಮೇಣದ ಬತ್ತಿ ಉರಿದು ಆರಿಹೋದ ಗಾಳಿಯಲ್ಲಿ ಒಂದು ಪುದೀನದ ಕಡ್ಡಿಯನ್ನಿಟ್ಟನು. ಕೆಲವು ದಿನಗಳಾದ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ನಮ್ಮ ಅಡಿಗೆಮನೆಯ ಪುದೀನವೇ ಜಗತ್ತಿಗೆ ಈ ಪಾಠವನ್ನು ಮೊದಲು ಕಲಿಸಿತೆಂಬುದು ಸ್ವಾರಸ್ಯದ ಸಂಗತಿ. 1779ರಲ್ಲಿ ಹಾಲೆಂಡಿನ ವೈದ್ಯ ಇಂಗೆನ್‌ಹೌಸ್‌ನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಿಡದ ಹಸುರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಗಾಳಿಯನ್ನು ಹೀಗೆ ಶುದ್ಧಿಗೊಳಿಸುತ್ತವೆಂದು ತೋರಿಸಿದನು. ಎಲೆಯಲ್ಲಿರುವ ಪತ್ರಹರಿತ್ತು ಬೆಳಕಿನ ಶಕ್ತಿಯನ್ನು ಹೀರಿ, ನೀರನ್ನೂ ಗಾಳಿಯ ಅಂಗಾರಾಮ್ಲವನ್ನೂ ಸೇರಿಸಿ ಸಕ್ಕರೆಯನ್ನು ಮಾಡುತ್ತದೆ. ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಇದಕ್ಕೆ ದ್ಯುತಿಸಂಶ್ಲೇಷಣೆಯೆಂದು ಹೆಸರು. ನಮ್ಮವರೇ ಆದ ಜಗದೀಶಚಂದ್ರ ಬೋಸರು 1924ರಲ್ಲಿ ಈ ವಿಷಯವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಒಟ್ಟಿನಲ್ಲಿ ಹೇಳುವುದಾದರೆ, ನಮಗೆ ಬೆಳಕು ನೋಡುವುದಕ್ಕೆ. ಗಿಡಕ್ಕೆ ಬೆಳಕು ಉಣ್ಣುವುದಕ್ಕೆ. ಈ ಒಂದು ಮಾತನ್ನು ಮರೆಯದಿದ್ದರೆ ಮುಂದಿನ ಲೆಕ್ಕವೆಲ್ಲ ಸುಲಭವಾಗುತ್ತದೆ.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಬೆಂಗಳೂರಿನ ಉತ್ತರಕ್ಕೆ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆಯ ಹೊಲಗಳಲ್ಲಿ ಸಾಲು ಸಾಲಾಗಿ ಬಲ್ಬುಗಳು ಉರಿಯುವುದನ್ನು ಕಂಡಿರಬಹುದು. ಅಷ್ಟು ದೊಡ್ಡ ಹೊಲಕ್ಕೆ ಸಣ್ಣ ಬಲ್ಬುಗಳು ಸಾಕಾದರೆ ಮನೆಯ ಒಂದು ಕುಂಡಕ್ಕೆ ಅಡಿಗೆಮನೆಯ ದೀಪವೇ ಸಾಲದೇ? ಸಾಲದು. ಸೇವಂತಿಗೆಯು ರಾತ್ರಿ ದೀರ್ಘವಾದಾಗ ಹೂ ಬಿಡುವ ಗಿಡ. ಇರುಳಿನ ನಡುವೆ ಸ್ವಲ್ಪ ಬೆಳಕು ತೋರಿಸಿದರೆ ರಾತ್ರಿ ಇನ್ನೂ ದೀರ್ಘವಾಗಿಲ್ಲವೆಂದು ಬಗೆದು ಹೂ ಬಿಡುವುದನ್ನು ಮುಂದಕ್ಕೆ ಹಾಕುತ್ತದೆ. ಆಗ ರೈತನು ಹಬ್ಬದ ಕಾಲಕ್ಕೆ ಸರಿಯಾಗಿ ಹೂವನ್ನು ಪಡೆಯಬಹುದು. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬವರು 1920ರಲ್ಲಿ ವಿವರಿಸಿದರು. ಅಲ್ಲಿ ಬಲ್ಬು ಗಡಿಯಾರದ ಕೆಲಸ ಮಾಡುತ್ತದೆ. ಊಟ ಮರುದಿನದ ಬಿಸಿಲಿನಿಂದಲೇ ದೊರೆಯುತ್ತದೆ. ಮನೆಯೊಳಗಿನ ಕುಂಡಕ್ಕಾದರೋ ದೀಪವೇ ಊಟ. ಗಂಟೆ ಬಾರಿಸುವುದು ಬೇರೆ, ಅನ್ನ ಬಡಿಸುವುದು ಬೇರೆ.

ಹಾಗಾದರೆ ಎಷ್ಟು ಊಟ ಬೇಕು? ಬೆಳಕಿನ ಬೀಳುವಿಕೆಯನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್. ಬಯಲಿನಲ್ಲಿರುವ ಮರದ ನೆರಳಿನಲ್ಲಿ ಸುಮಾರು 10,000. ತೆರೆದ ಕಿಟಕಿಯ ಬಳಿ, ಬಿಸಿಲು ನೇರ ಬೀಳದಿದ್ದಾಗ, 1,000ದಿಂದ 2,000. ದೀಪ ಹಚ್ಚಿದ ಕೋಣೆಯ ನಡುವೆ ಕೇವಲ 100ರಿಂದ 300. ನಮ್ಮ ಕಣ್ಣು ಕತ್ತಲೆ ಬೆಳಕುಗಳಿಗೆ ಬೇಗನೆ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯದು. ಓದುವುದಕ್ಕೆ ಸಾಕೆನಿಸುವ ಕೋಣೆಯಲ್ಲಿ ಗಿಡವು ಉಪವಾಸದಿಂದ ಸಾಯುತ್ತಿರುತ್ತದೆ.

ಲಕ್ಸನ್ನು ಗಂಟೆಗಳಿಂದ ಗುಣಿಸಿದರೆ ದಿನದ ಊಟದ ಸ್ಥೂಲವಾದ ಲೆಕ್ಕ ಸಿಗುತ್ತದೆ. ಇದನ್ನು ‘ಲಕ್ಸ್-ಗಂಟೆ’ ಎನ್ನೋಣ. ಶುಭ್ರವಾದ ದಿನದಲ್ಲಿ ತೆರೆದ ತಾರಸಿಗೆ 5ರಿಂದ 6 ಲಕ್ಷ ಲಕ್ಸ್-ಗಂಟೆ ಬೀಳುತ್ತದೆ. ನೆರಳನ್ನು ಸಹಿಸುವ ಪುದೀನ, ಒಂದೆಲಗ, ದೊಡ್ಡಪತ್ರೆಗಳಿಗೆ 80 ಸಾವಿರದಿಂದ 1 ಲಕ್ಷ ಇದ್ದರೆ ಬಾಳುತ್ತವೆ. ಕೊತ್ತಂಬರಿ, ಮೆಂತ್ಯಗಳು ಸೊಂಪಾಗಿ ಬರಬೇಕಾದರೆ ಒಂದೂವರೆಯಿಂದ 2 ಲಕ್ಷ ಬೇಕು. ತುಳಸಿ, ಕಾಮಕಸ್ತೂರಿ, ಕರಿಬೇವುಗಳು ಬಿಸಿಲಿನ ಮಕ್ಕಳು. ಅವಕ್ಕೆ 2 ಲಕ್ಷವೂ ಕನಿಷ್ಠವೇ ಸರಿ.

ಆದಕಾರಣ ದೀಪವನ್ನು ಕೊಳ್ಳುವ ಮೊದಲು ಕಿಟಕಿಯನ್ನು ಪರೀಕ್ಷಿಸತಕ್ಕದ್ದು. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಕೈಯಲ್ಲಿರುವ ಫೋನು. ಲಕ್ಸನ್ನು ಅಳೆಯುವ ಪುಕ್ಕಟೆ ಸಾಧನಗಳು ಅದರಲ್ಲಿ ದೊರೆಯುತ್ತವೆ. ಅಂಕಿ ಕರಾರುವಾಕ್ಕಾಗಿರದಿದ್ದರೂ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸುವುದಕ್ಕೆ ಸಾಕು. ಇನ್ನೊಂದು ಇನ್ನೂ ಸುಲಭ. ಕುಂಡವಿಡುವ ಸ್ಥಳದಲ್ಲಿ ಬಿಳಿಯ ಕಾಗದವನ್ನಿಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈಯನ್ನು ಹಿಡಿಯಬೇಕು. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಬೆಳಕು ಚೆನ್ನಾಗಿದೆ. ಅಂಚು ಮಸುಕಾಗಿದ್ದರೆ ಮಧ್ಯಮ. ನೆರಳೇ ಕಾಣದಿದ್ದರೆ ಅಲ್ಲಿ ದೀಪವಿಲ್ಲದೆ ಏನೂ ಬೆಳೆಯದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಹೊತ್ತು ನೋಡಬೇಕು.

ಕಿಟಕಿಯ ದಿಕ್ಕೂ ಮುಖ್ಯ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯನು ನಡುಹಗಲಿನಲ್ಲಿ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಉತ್ತರಕ್ಕೂ, ಉಳಿದ ಕಾಲದಲ್ಲಿ ದಕ್ಷಿಣಕ್ಕೂ ವಾಲಿರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಗೆ ಚಳಿಗಾಲದಲ್ಲಿ ಒಳ್ಳೆಯ ಬಿಸಿಲು. ಬೇಸಿಗೆಯ ಕೊನೆಗೂ ಮಳೆಗಾಲಕ್ಕೂ ಅದು ಬರಿಯ ಕಿಟಕಿ. ಉತ್ತರದ ಕಿಟಕಿಯ ಸರದಿ ಬರುವ ಹೊತ್ತಿಗೆ ಮುಂಗಾರಿನ ಮೋಡಗಳೂ ಬಂದಿರುತ್ತವೆ. ಪೂರ್ವದ ಕಿಟಕಿಗೆ ಮಾತ್ರ, ಎದುರು ಗೋಡೆಯಿಲ್ಲದಿದ್ದರೆ, ವರ್ಷವೆಲ್ಲ ಬೆಳಗಿನ ಸೌಮ್ಯವಾದ ಬಿಸಿಲುಂಟು. ಎರಡು ಗಂಟೆ ಎಳೆಬಿಸಿಲು ಗಂಟೆಗೆ 30,000ದಂತೆ 60 ಸಾವಿರ. ಉಳಿದ ಒಂಬತ್ತು ಗಂಟೆ 1,500ರಂತೆ ಸುಮಾರು 13 ಸಾವಿರ. ಒಟ್ಟು 73 ಸಾವಿರ ಲಕ್ಸ್-ಗಂಟೆ. ಹೀಗಿದ್ದರೆ ಪುದೀನಕ್ಕೆ ದೀಪವೇ ಬೇಕಾಗದು. ಗಾಜನ್ನು ಒರಸಿ, ಕುಂಡವನ್ನು ಕಿಟಕಿಯ ಸರಳಿಗೆ ಒತ್ತಿ ಇಟ್ಟರೆ ಸಾಕು. ಅದೇ ಕಿಟಕಿಯ ಎದುರು ಮೂರು ಅಡಿ ದೂರದಲ್ಲಿ ಗೋಡೆಯಿದ್ದರೆ ಗಂಟೆಗೆ 500ರಂತೆ ಹತ್ತು ಗಂಟೆಗೆ 5 ಸಾವಿರ! ಗೋಡೆಯೊಂದು ನುಂಗುವ ಊಟ ಎಷ್ಟೆಂಬುದನ್ನು ಇದರಿಂದ ತಿಳಿಯಬಹುದು.

ಹಲಸೂರಿನಲ್ಲಿ ನಾವಿರುವ ಬಾಡಿಗೆ ಮನೆಯ ಕಿಟಕಿ ಈ ಎರಡನೆಯ ಜಾತಿಯದು. ಮಾಲೂರಿನ ಕಡೆಯ ನಮ್ಮ ಊರಿನಿಂದ ಅಜ್ಜಿ ತಂದು ನೆಟ್ಟ ದೊಡ್ಡಪತ್ರೆಯ ಕಡ್ಡಿ ಚಿಗುರಿತೇನೋ ನಿಜ; ಆದರೆ ಗೆಣ್ಣಿನಿಂದ ಗೆಣ್ಣಿಗೆ ಗೇಣುದ್ದ ಎಳೆದು, ಎಲೆ ಚಿಕ್ಕದಾಗಿ, ಬಣ್ಣ ಬಿಳಿಚಿ, ಕಿಟಕಿಯ ಕಡೆಗೆ ಕತ್ತು ಚಾಚಿ ನಿಂತಿತು. ಇದು ಬೆಳವಣಿಗೆಯಲ್ಲ, ಬೆಳಕನ್ನು ಹುಡುಕುವ ಹಸಿವು. ಗಿಡವು ತನ್ನಲ್ಲಿದ್ದ ಸ್ವಲ್ಪ ಶಕ್ತಿಯನ್ನೆಲ್ಲ ಉದ್ದವಾಗುವುದಕ್ಕೇ ವ್ಯಯಮಾಡುತ್ತದೆ. ಇಂಥ ಗಿಡವನ್ನು ಕಂಡು ಗೊಬ್ಬರ ಸಾಲದೆಂದು ಗೊಬ್ಬರವನ್ನೂ, ನೀರು ಸಾಲದೆಂದು ನೀರನ್ನೂ ಹಾಕುವವರುಂಟು. ಬೆಳಕಿಲ್ಲದೆಡೆ ಗಿಡ ನೀರನ್ನು ಹೀರುವುದೂ ಕಡಿಮೆ; ಹೆಚ್ಚು ನೀರು ಬೇರನ್ನು ಕೊಳೆಸುತ್ತದೆ. ದೀಪದ ವಿಷಯವನ್ನು ಮನೆಯಲ್ಲಿ ಎತ್ತಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: “ಬೆಳಕಿಗೂ ದುಡ್ಡು ಕೊಡಬೇಕೇನೋ ಮಗಾ?” ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕೆಂದೇ ಮುಂದಿನ ಲೆಕ್ಕವನ್ನು ಹಾಕಬೇಕಾಯಿತು.

ಈಗ ದೀಪಗಳ ವಿಚಾರಕ್ಕೆ ಬರೋಣ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ಬಂದಿತು. ಆ ಕಾಲದಿಂದ ಬಹುಕಾಲ ಉರಿದದ್ದು ತಂತಿಯ ಬಲ್ಬು. ಅದು ತಾನು ನುಂಗುವ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲನ್ನಷ್ಟೇ ಬೆಳಕಾಗಿಸಿ ಉಳಿದುದನ್ನು ಶಾಖವಾಗಿ ಚೆಲ್ಲುತ್ತದೆ. ಗಿಡದ ಹತ್ತಿರ ತಂದರೆ ಎಲೆ ಸುಡುತ್ತದೆ, ದೂರವಿಟ್ಟರೆ ಬೆಳಕು ಸಾಲದು. ಆದುದರಿಂದ ಅದನ್ನು ಬಿಡುವುದು ಲೇಸು. ಹಳೆಯ ಟ್ಯೂಬ್‌ಲೈಟು ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಇದ್ದರೆ ಅದನ್ನೇ ಉಪಯೋಗಿಸಬಹುದು. ಹೊಸದಾಗಿ ಕೊಳ್ಳುವುದಾದರೆ ಎಲ್‌ಇಡಿಯೇ ಸರಿ. ಇದು ಒಂದು ವಾಟಿಗೆ ಸುಮಾರು 100 ಲ್ಯೂಮೆನ್ ಬೆಳಕು ಕೊಡುತ್ತದೆ, ಶಾಖ ಕಡಿಮೆ. ನೀಲಿ ಎಲ್‌ಇಡಿಯನ್ನು ಸಾಧ್ಯಮಾಡಿದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಆ ನೀಲಿ ಬೆಳಕಿನ ಮೇಲೆ ಹಳದಿ ಬೆಳಕನ್ನು ಸೂಸುವ ಲೇಪನವನ್ನು ಬಳಿದುದರಿಂದಲೇ ನಮ್ಮ ಮನೆಯ ಬಿಳಿಯ ದೀಪ ಹುಟ್ಟಿತು. 2015ರಲ್ಲಿ ಕೇಂದ್ರ ಸರಕಾರದ ಉಜಾಲಾ ಯೋಜನೆ ಬಂದ ಮೇಲೆ 9 ವಾಟಿನ ಎಲ್‌ಇಡಿ ಬಲ್ಬು ಬಡವರ ಮನೆಗೂ ಎಟಕುವಂತಾಯಿತು.

ಅಂಗಡಿಯಲ್ಲಿ ‘ಗಿಡದ ದೀಪ’ವೆಂದು ತೋರಿಸುವುದು ಬಹುಮಟ್ಟಿಗೆ ನೇರಳೆ ಬಣ್ಣದ್ದು. ಕೆಂಪು ಮತ್ತು ನೀಲಿ ಎಲ್‌ಇಡಿಗಳನ್ನು ಬೆರಸಿ ಅದನ್ನು ಮಾಡಿರುತ್ತಾರೆ. ಇದಕ್ಕೆ ಆಧಾರವಿಲ್ಲದಿಲ್ಲ. ಜರ್ಮನಿಯ ಎಂಗಲ್‌ಮನ್ನನು 1882ರಲ್ಲಿ ಪಾಚಿಯ ಎಳೆಯೊಂದರ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿದಾಗ, ಆಮ್ಲಜನಕವನ್ನರಸುವ ಬ್ಯಾಕ್ಟೀರಿಯಾಗಳು ಕೆಂಪು ಮತ್ತು ನೀಲಿ ಬಿದ್ದೆಡೆ ಹೆಚ್ಚಾಗಿ ಮುತ್ತಿದವು. ಅಂದರೆ ಆ ಬಣ್ಣಗಳಲ್ಲಿ ಗಿಡದ ಕೆಲಸ ಚುರುಕು. ಆದರೆ 1972ರಲ್ಲಿ ಮೆಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, ಹಸುರೂ ಹಳದಿಯೂ ವ್ಯರ್ಥವಲ್ಲ, ನಮ್ಮ ಕಣ್ಣಿಗೆ ಕಾಣುವ ಬಣ್ಣಗಳೆಲ್ಲವನ್ನೂ ಎಲೆ ಉಣ್ಣಬಲ್ಲುದೆಂದು ತೋರಿಸಿದನು. ಹೀಗಾಗಿ ಬಿಳಿಯ ದೀಪದಲ್ಲಿ ಗಿಡಕ್ಕೆ ಬೇಕಾದುದೆಲ್ಲವೂ ಇದೆ. ನೇರಳೆ ದೀಪಕ್ಕಾಗಿ ಹೆಚ್ಚು ಹಣ ತೆರುವ ಕಾರಣ ನಮ್ಮಂಥವರಿಗಿಲ್ಲ.

ಬಿಳಿಯ ದೀಪದ ಪರವಾಗಿ ಇನ್ನೂ ಎರಡು ಮಾತುಗಳಿವೆ. ನೇರಳೆ ಬೆಳಕಿನಲ್ಲಿ ಎಲೆಗಳೆಲ್ಲ ಕಪ್ಪಾಗಿ ಕಾಣುವುದರಿಂದ ಹಳದಿಗಟ್ಟಿದ್ದು, ಹುಳು ಹತ್ತಿದ್ದು ಗೊತ್ತಾಗುವುದಿಲ್ಲ. ಎರಡನೆಯದು ಒಂದೇ ಕೋಣೆಯ ಮನೆಯವರಿಗೆ ಸಂಬಂಧಿಸಿದ್ದು. ದೀಪ ಉರಿಯುವ ಕೋಣೆಯಲ್ಲಿಯೇ ಅಡಿಗೆ, ಊಟ, ಓದು, ಹೊಲಿಗೆ ಎಲ್ಲವೂ ನಡೆಯಬೇಕು. ನೇರಳೆ ಬೆಳಕಿನಲ್ಲಿ ಅಕ್ಕಿಯ ಕಲ್ಲನ್ನು ಆರಿಸಲಾಗದು, ಪುಸ್ತಕವನ್ನು ಓದಲಾಗದು. ಬಿಳಿಯ ದೀಪವಾದರೆ ಕುಂಡದ ಮೇಲೆ ಬಿದ್ದು ಚೆಲ್ಲಿದ ಬೆಳಕಿನಲ್ಲಿ ಮನೆಯ ಹುಡುಗನೋ ಹುಡುಗಿಯೋ ಪರೀಕ್ಷೆಗೆ ಓದಿಕೊಳ್ಳಬಹುದು. ಒಂದೇ ಬೆಳಕು ಎರಡು ಜೀವಗಳನ್ನು ಪೋಷಿಸಿದಂತಾಯಿತು. ಬಿಳಿಯಲ್ಲಿ 6500 ಕೆಲ್ವಿನ್ನಿನ ತಂಪು ಬಿಳಿ, 4000ದ ನಡುಬಿಳಿ, 3000ದ ಬೆಚ್ಚನೆಯ ಬಿಳಿ ಎಂಬ ಭೇದಗಳಿವೆ. ಸೊಪ್ಪಿನ ಗಿಡಗಳಿಗೆ ಯಾವುದಾದರೂ ನಡೆಯುತ್ತದೆ. ಸುಲಭವಾಗಿ ಸಿಗುವುದು 6500.

ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಅಂಕಿಗಳಿಗೆ ಮರುಳಾಗಬಾರದು. ‘1000 ವಾಟ್’ ಎಂದು ಕೊಚ್ಚಿಕೊಳ್ಳುವ ಅಗ್ಗದ ದೀಪ ನಿಜವಾಗಿ ಎಳೆಯುವುದು ಅದರ ಸಣ್ಣ ಪಾಲನ್ನು ಮಾತ್ರ. ಅಡಾಪ್ಟರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ವಾಟನ್ನು ನೋಡಬೇಕು. ವಾಟು ತಿಳಿಸುವುದು ದೀಪವು ಎಷ್ಟು ವಿದ್ಯುತ್ತು ತಿನ್ನುತ್ತದೆಂಬುದನ್ನು. ಲ್ಯೂಮೆನ್ ತಿಳಿಸುವುದು ಎಷ್ಟು ಬೆಳಕು ಕೊಡುತ್ತದೆಂಬುದನ್ನು. ಎರಡನ್ನೂ ಬರೆಯದ ಪೆಟ್ಟಿಗೆಯನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಒಳ್ಳೆಯದು.

ವಾಟಿಗಿಂತಲೂ ಮುಖ್ಯವಾದುದು ದೂರ. ಒಂದು ಬಲ್ಬಿನಿಂದ ಒಂದು ಅಡಿ ದೂರದಲ್ಲಿ ಬೀಳುವ ಬೆಳಕು ಎರಡು ಅಡಿಗೆ ನಾಲ್ಕನೆಯ ಒಂದು ಪಾಲಾಗುತ್ತದೆ, ಮೂರು ಅಡಿಗೆ ಒಂಬತ್ತನೆಯ ಒಂದು ಪಾಲಾಗುತ್ತದೆ. ಉದ್ದನೆಯ ಟ್ಯೂಬಿನಲ್ಲಿ ಇಳಿತ ಇಷ್ಟು ತೀವ್ರವಲ್ಲದಿದ್ದರೂ ಇಳಿತವಂತೂ ಇದ್ದೇ ಇದೆ. ಸೂರಿನಲ್ಲಿ ಉರಿಯುವ ದೀಪ ಕೆಳಗಿನ ಕುಂಡಕ್ಕೆ ದಕ್ಕದಿರುವುದು ಈ ಕಾರಣದಿಂದಲೇ. ಆದುದರಿಂದ ದೀಪವನ್ನು ಎಲೆಯ ತುದಿಯಿಂದ ಒಂದು ಗೇಣಿಗಿಂತ ದೂರವಿಡಬಾರದು. ಗಿಡ ಬೆಳೆದಂತೆ ದೀಪವನ್ನು ಮೇಲೆತ್ತಲು ಬರುವಂತೆ ಅದನ್ನು ಸರಪಳಿಯಿಂದಲೋ ಹುರಿಯಿಂದಲೋ ತೂಗುಹಾಕಬೇಕು. ಕೈಯನ್ನು ಎಲೆಯ ಎತ್ತರದಲ್ಲಿ ಹಿಡಿದಾಗ ಬಿಸಿ ತಾಗಿದರೆ ಇನ್ನೂ ಸ್ವಲ್ಪ ಮೇಲಕ್ಕೆ. ಬಲ್ಬಿನ ಬೆಳಕು ಪಕ್ಕಗಳಿಗೆ ಹರಡಿ ನಷ್ಟವಾಗದಂತೆ ಮೇಲೊಂದು ತಗಡಿನ ಮುಚ್ಚಳವನ್ನೋ, ಸುತ್ತಲೂ ಸುಣ್ಣ ಬಳಿದ ಗೋಡೆ ಅಥವಾ ಬಿಳಿಯ ರಟ್ಟನ್ನೋ ಏರ್ಪಡಿಸಿದರೆ ದುಡ್ಡಿಲ್ಲದೆ ಬೆಳಕು ಹೆಚ್ಚುತ್ತದೆ.

ಈಗ ಎರಡು ಏರ್ಪಾಟುಗಳನ್ನು ಹೋಲಿಸೋಣ. ಮೊದಲನೆಯದು, ಒಂದು ಕುಂಡ, ಒಂದು 9 ವಾಟಿನ ಬಲ್ಬು. ಬಲ್ಬಿನ ಬೆಳಕು ಸುಮಾರು 900 ಲ್ಯೂಮೆನ್. ಮುಚ್ಚಳವಿಟ್ಟು ಒಂದು ಗೇಣು ಎತ್ತರದಲ್ಲಿ ತೂಗಿದರೆ, ಅರ್ಧ ಬೆಳಕಾದರೂ ಒಂದು ಅಡಿ ಅಗಲದ ವೃತ್ತದೊಳಗೆ ಬೀಳುತ್ತದೆಂದು ಹಿಡಿಯೋಣ. ಆಗ ಎಲೆಗಳ ಮೇಲೆ ಸುಮಾರು 6,000 ಲಕ್ಸ್. ದಿನಕ್ಕೆ 14 ಗಂಟೆ ಉರಿಸಿದರೆ 84 ಸಾವಿರ ಲಕ್ಸ್-ಗಂಟೆ. ದೊಡ್ಡಪತ್ರೆಗೂ ಪುದೀನಕ್ಕೂ ಒಂದೆಲಗಕ್ಕೂ ಇಷ್ಟು ಸಾಕು. ಎರಡನೆಯದು, ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆಯ ಮೇಲೆ 20 ವಾಟಿನ ಎರಡು ಎಲ್‌ಇಡಿ ಟ್ಯೂಬುಗಳು. ಇದರಿಂದ ಹಲಗೆಯ ಮೇಲೆ ಸುಮಾರು 7,500 ಲಕ್ಸ್. 14 ಗಂಟೆಗೆ 1 ಲಕ್ಷದ 5 ಸಾವಿರ. ಕುಂಡಗಳು ನಾಲ್ಕಾರು ಹಿಡಿಯುತ್ತವೆ. ಆದರೂ ಕೊತ್ತಂಬರಿಗೆ ಇದು ಅರೆಹೊಟ್ಟೆ, ತುಳಸಿಗೆ ಉಪವಾಸಕ್ಕೆ ಸಮ. ಅವಕ್ಕೆ ಕಿಟಕಿಯ ಬೆಳಕೂ ಜೊತೆಗೂಡಬೇಕು.

ಖರ್ಚಿನ ಮಾತು. 1,000 ವಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. 9 ವಾಟಿನ ಬಲ್ಬು ದಿನಕ್ಕೆ 14 ಗಂಟೆಯಂತೆ ತಿಂಗಳಿಗೆ 3.78 ಯೂನಿಟ್ಟು, ಎರಡು ಟ್ಯೂಬುಗಳು 16.8 ಯೂನಿಟ್ಟು. ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ ಮೊದಲನೆಯದಕ್ಕೆ 23 ರೂಪಾಯಿ, ಎರಡನೆಯದಕ್ಕೆ 101 ರೂಪಾಯಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಇರುವ ಮನೆಗಳವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು—ಇಷ್ಟು ಉಚಿತ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ಕೊಡಬೇಕು. 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಸರಾಸರಿ 60 ಯೂನಿಟ್ಟಿನ ಮನೆಗೆ 66 ಉಚಿತ. ಅಂದರೆ ಕೈಯಲ್ಲಿರುವ ಎಡೆ 6 ಯೂನಿಟ್ಟು. ಬೇರೆ ಬಳಕೆ ಹೆಚ್ಚದಿದ್ದರೆ ಒಂದು ಬಲ್ಬು ಆ ಎಡೆಯೊಳಗೆ ಅಡಗುತ್ತದೆ. ಎರಡು ಟ್ಯೂಬುಗಳು ಅಡಗವು. ಮನೆಯನ್ನು ತೂಗಿಸುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇದರಿಂದ ಯಾವ ಗಿಡವನ್ನು ಆರಿಸಬೇಕೆಂಬುದೂ ತೀರ್ಮಾನವಾಗುತ್ತದೆ. ಕೊತ್ತಂಬರಿ ಬಿತ್ತಿ ಕೊಯ್ಯುವುದಕ್ಕೆ ಸುಮಾರು 40 ದಿನ ಬೇಕು. ಅಷ್ಟು ದಿನ ಎರಡು ಟ್ಯೂಬು ಉರಿಸಿದರೆ 134 ರೂಪಾಯಿ. ಒಂದು ಹಲಗೆಯಿಂದ ಬರುವುದು ಬೆರಳೆಣಿಕೆಯ ಕಟ್ಟುಗಳು. ಕಿತ್ತ ಮೇಲೆ ಮತ್ತೆ ಬಿತ್ತಬೇಕು. ಅದನ್ನು ರಸಲ್ ಮಾರುಕಟ್ಟೆಯಲ್ಲೋ ಮನೆಯ ಮುಂದೆ ಬರುವ ಸೊಪ್ಪಿನವರ ಬಳಿಯೋ ಕೊಳ್ಳುವುದೇ ಲಾಭ. ಹೊಲದ ಬಿಸಿಲಿಗೆ ಯಾರೂ ಬಿಲ್ಲು ಕಳಿಸುವುದಿಲ್ಲವಷ್ಟೆ. ದೊಡ್ಡಪತ್ರೆ, ಪುದೀನ, ಒಂದೆಲಗಗಳಾದರೋ ಕಿತ್ತಷ್ಟೂ ಚಿಗುರುತ್ತವೆ. ಒಮ್ಮೆಗೆ ಬೇಕಾಗುವುದು ನಾಲ್ಕೇ ಎಲೆ. ಬೇಕಾಗುವುದೋ ರಾತ್ರಿ ಹತ್ತು ಗಂಟೆಗೆ ಮಗು ಕೆಮ್ಮಿದಾಗ. ಒಂದೆಲಗ, ದೊಡ್ಡಪತ್ರೆಗಳು ಬೇಕೆಂದಾಗ ಅಂಗಡಿಯಲ್ಲಿ ದೊರೆಯುವುದೂ ಇಲ್ಲ. ದೀಪದ ಹಣ ಇಂಥ ಗಿಡಗಳಿಗೆ ಸಲ್ಲಬೇಕು. ಮೆಂತ್ಯವನ್ನು ದೊಡ್ಡದಾಗಿ ಬೆಳೆಸುವ ಬದಲು ಹತ್ತು ಹನ್ನೆರಡು ದಿನದ ಎಳೆಸಸಿಯಾಗಿರುವಾಗಲೇ ಕತ್ತರಿಸಿದರೆ ಬೀಜದಲ್ಲಿದ್ದ ಆಹಾರವೇ ಅದನ್ನು ಬಹುಪಾಲು ಸಾಕುತ್ತದೆ. ಬೆಳಕು ಅಷ್ಟಾಗಿ ಬೇಡ. ತುಳಸಿ, ಕರಿಬೇವುಗಳಿಗೆ ಮಾಲೀಕರನ್ನು ಕೇಳಿ ತಾರಸಿಯ ಒಂದು ಮೂಲೆಯನ್ನು ದೊರಕಿಸಿಕೊಳ್ಳುವುದೇ ಸರಿಯಾದ ದಾರಿ.

ಇನ್ನು ಕೆಲವು ಎಚ್ಚರಿಕೆಗಳು. ದೀಪವನ್ನು ಹಗಲೂ ರಾತ್ರಿ ಉರಿಸಬಾರದು. ಗಿಡಕ್ಕೂ ವಿರಾಮ ಬೇಕು. ಅದೇ ಕೋಣೆಯಲ್ಲಿ ಮಲಗುವವರಿಗೂ ಬೇಕು. ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಉರಿಸಿದರೆ 14 ಗಂಟೆಯಾಗುತ್ತದೆ. ಕೊತ್ತಂಬರಿಗೆ ಇದಕ್ಕಿಂತ ಹೆಚ್ಚು ಗಂಟೆ ಕೊಟ್ಟರೆ ಎಲೆ ಬಿಡುವ ಬದಲು ಬೇಗನೆ ಹೂವಿಗೆ ಹೋಗುತ್ತದೆ. ನೀರು ಹಾಕುವಾಗ ಸ್ವಿಚ್ಚನ್ನು ಆರಿಸಿಯೇ ಹಾಕಬೇಕು. ದೀಪವನ್ನು ಅದರ ವಿದ್ಯುತ್ ತಂತಿಯಿಂದಲೇ ತೂಗುಬಿಡಬಾರದು. ತಂತಿಯು ಪ್ಲಗ್ಗಿಗೆ ಸೇರುವ ಮುನ್ನ ಸ್ವಲ್ಪ ಕೆಳಗೆ ಜೋತುಬಿದ್ದಿದ್ದರೆ ಅದರ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಟೇಪು ಸುತ್ತಿದ ಹಳೆಯ ತಂತಿ, ಸಡಿಲವಾದ ಹೋಲ್ಡರು ಇವು ಕುಂಡದ ಬಳಿ ಸಲ್ಲವು. ಮಕ್ಕಳಿರುವ ಮನೆಯಲ್ಲಿ ಇವನ್ನು ಎಷ್ಟು ಹೇಳಿದರೂ ಹೆಚ್ಚಲ್ಲ.

ದೀಪ ಸರಿಯಾಗಿದೆಯೇ ಎಂಬುದನ್ನು ಗಿಡವೇ ಹೇಳುತ್ತದೆ. ಗೆಣ್ಣುಗಳ ನಡುವಣ ಅಂತರ ಹೆಚ್ಚಿ ಎಲೆ ಬಿಳಿಚಿದರೆ ಬೆಳಕು ಸಾಲದು, ದೀಪವನ್ನು ಇಳಿಸಬೇಕು. ದೀಪದ ಕೆಳಗಿನ ಎಲೆಗಳು ಮುರುಟಿ ಅಂಚು ಸುಟ್ಟರೆ ಮೇಲೆತ್ತಬೇಕು. ಗಿಡ ಒಂದೇ ಕಡೆಗೆ ವಾಲಿದರೆ ವಾರಕ್ಕೊಮ್ಮೆ ಕುಂಡವನ್ನು ತಿರುಗಿಸಬೇಕು. ನಮ್ಮ ಮನೆಯಲ್ಲಿ ಕಾರ್ತಿಕದಲ್ಲಿ 9 ವಾಟಿನ ಬಿಳಿಯ ಬಲ್ಬನ್ನು ಇಳಿಬಿಟ್ಟ ಮೇಲೆ ಹೊಸದಾಗಿ ಬಂದ ಎಲೆಗಳು ದಪ್ಪವಾಗಿ, ಒತ್ತಾಗಿ, ಮುಟ್ಟಿದರೆ ಕೈಗೆ ಕಂಪು ಹತ್ತುವಂತೆ ಬೆಳೆದಿವೆ. ಈಗ ವಾರಕ್ಕೊಮ್ಮೆ ತಂಬುಳಿಗಾಗುವಷ್ಟು ಸಿಗುತ್ತದೆ. ಪಕ್ಕದ ಮನೆಯವರು ಕೇಳಿಕೊಂಡು ಬಂದರೆ ಬರಿಗೈಯಲ್ಲಿ ಕಳಿಸಬೇಕಾಗಿಲ್ಲ.

ಮೇಲೆ ಹೇಳಿದುದರ ಸಾರವಿಷ್ಟು. ಮೊದಲು ಕಿಟಕಿಯನ್ನು ಅಳೆಯುವುದು. ಅದಕ್ಕೆ ತಕ್ಕ ಗಿಡವನ್ನು ಆರಿಸುವುದು. ಕೊರತೆಯಿದ್ದಷ್ಟಕ್ಕೆ ಮಾತ್ರ ದೀಪವನ್ನು ಕೊಳ್ಳುವುದು. ಕೊಂಡದ್ದನ್ನು ಎಲೆಯ ಹತ್ತಿರಕ್ಕೆ ಇಳಿಸುವುದು. ಈ ಕ್ರಮವನ್ನು ತಲೆಕೆಳಗು ಮಾಡಿ ದೀಪದಿಂದ ಆರಂಭಿಸಿದವರಿಗೆ ಹಣವೂ ನಷ್ಟ, ಗಿಡವೂ ನಷ್ಟ. ಒಂದು ಕುಂಡದ ಎಲೆಯಿಂದ ಸಂಸಾರದ ಖರ್ಚು ಇಳಿದೀತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆದರೆ ಗೋಡೆಗಳ ನಡುವೆ ಬಾಳುವ ಜನರಿಗೆ ತಮ್ಮ ಕೈಯಾರೆ ಒಂದು ಹಸುರನ್ನು ಉಳಿಸಿಕೊಳ್ಳುವ ಸಾಮರ್ಥ್ಯವಿದೆಯೆಂಬುದೂ, ಅದಕ್ಕೆ ತಿಂಗಳಿಗೆ ಇಪ್ಪತ್ತಮೂರು ರೂಪಾಯಿಯೂ ಸ್ವಲ್ಪ ಲೆಕ್ಕವೂ ಸಾಕೆಂಬುದೂ ತಿಳಿದಿದ್ದರೆ ಒಳ್ಳೆಯದು. ಪಟ್ಟಣವು ನಮ್ಮಿಂದ ಬಿಸಿಲನ್ನು ಕಿತ್ತುಕೊಂಡಿರಬಹುದು. ಹಿತ್ತಲಿನ ಜ್ಞಾನವನ್ನೂ ಅದರೊಡನೆ ಬಿಟ್ಟುಕೊಡಬೇಕೆಂಬ ನಿಯಮವೇನೂ ಇಲ್ಲ.